ಹುರುಳಿಕಾಯಿ ಪ್ರಾಕ್ಟಿಕಲ್

ನಮ್ಮ ಬ್ಯಾಚಿನ ಯಾರನ್ನಾದರೂ ಹಿಡಿದು ‘ಹುರುಳಿಕಾಯಿ ಪ್ರಾಕ್ಟಿಕಲ್’ ಅಂದು ನೋಡಿ, ಮುಖ ಅರಳುತ್ತದೆ. ಸಿಲೆಬಸ್ಸಿನಲ್ಲಿ ಅದು ಇರಲೇ ಇಲ್ಲ. ಸಸ್ಯರೋಗ ಶಾಸ್ತ್ರದ ನಮ್ಮ ಮೇಷ್ಟ್ರು ತಾವಾಗಿಯೇ ಸೇರಿಸಿದ್ದು. 2003ರ ಕೊನೆಯ ಮಾತು. ಎಂ.ಎಸ್ಸಿ. ಮಾಡುತ್ತಿದ್ದ ನಮಗೆ ಶನಿವಾರ ಮಧ್ಯಾಹ್ನ ಹಾಸ್ಟೆಲ್ ಸೇರುವ ಆತುರ, ಅವರಿಗೆ ನಮ್ಮನ್ನು ಲ್ಯಾಬಿನಲ್ಲಿ ಕೂರಿಸುವ ಹಟ.

ನಾನು ಬ್ಯಾಡಗಿ ಕಡೆಯವನು. ಮೆಣಸಿನಹಣ್ಣಿನ ಮೇಲೆ ಗುಂಡಗೆ ಗುಳಿ ಬಿದ್ದು, ಅದರೊಳಗೆ ಕರಿ ಚುಕ್ಕೆಗಳು ಸುತ್ತುಸುತ್ತಾಗಿ ಕೂರುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅದು ಚಿಬ್ಬು ರೋಗ, ಔಷಧಿ ಹೊಡೆಯಬೇಕು, ಇಷ್ಟು ಗೊತ್ತಿತ್ತು. ಆ ಗುಳಿ ಯಾಕೆ ಬೀಳುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಹೇಳಿದರು. ಗಿಡದ ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್. ಅದರಲ್ಲಿ ಗ್ಯಾಲಕ್ಟುರಾನಿಕ್ ಆಮ್ಲದ ಘಟಕಗಳು ಕಬ್ಬಿನ ಗೆಣ್ಣುಗಳ ಹಾಗೆ ಸಾಲಾಗಿ ಕೂಡಿರುತ್ತವೆ. ಒಳಗೆ ನುಗ್ಗುವ ಶಿಲೀಂಧ್ರ ಪಾಲಿಗ್ಯಾಲಕ್ಟುರೊನೇಸ್ ಎಂಬ ಎನ್‌ಜೈಮ್ ಬಿಟ್ಟು ಆ ಗೆಣ್ಣುಗಳನ್ನು ಕಡಿಯುತ್ತದೆ. ಅಂಟು ಬಿಟ್ಟುಹೋದ ಜಾಗ ಮೆತ್ತಗಾಗುತ್ತದೆ, ಕೊಳೆಯುತ್ತದೆ. ಗಿಡ ಇದನ್ನು ಸುಮ್ನೆ ನೋಡುತ್ತಾ ಇರುವುದಿಲ್ಲ ಅಂತ ತೋರಿಸುವುದಕ್ಕೇ ಆ ಪ್ರಾಕ್ಟಿಕಲ್.

ಬೆಳಿಗ್ಗೆ ಸಂತೆಯಿಂದ ಎಳೆ ಹುರುಳಿಕಾಯಿ ತರಬೇಕು. ಮಿಕ್ಸಿಗೆ ಹಾಕಿ ಅರೆಯಬೇಕು, ಆದರೆ ಬರೀ ನೀರಲ್ಲಲ್ಲ. ಲೀಟರಿಗೆ ಹೆಚ್ಚುಕಡಿಮೆ 58 ಗ್ರಾಂ ಉಪ್ಪು ಹಾಕಿದ, ಪಿಎಚ್ 5ರ ಬಫರಿನಲ್ಲಿ, ಅಂದರೆ ಹುಳಿಮಟ್ಟ ಏರಿಳಿಯದ ದ್ರಾವಣದಲ್ಲಿ. ಶಿಲೀಂಧ್ರದ ಎನ್‌ಜೈಮನ್ನು ತಡೆಯುವ, ನಮಗೆ ಬೇಕಾದ ಪ್ರೋಟೀನು ಕೋಶದ ಗೋಡೆಗೆ ವಿದ್ಯುದಾವೇಶದಿಂದ ಕಚ್ಚಿಕೊಂಡಿರುತ್ತದೆ. ಅಷ್ಟು ಉಪ್ಪಿಲ್ಲದೆ ಬಿಡಿಸಿಕೊಳ್ಳುವುದಿಲ್ಲ. ಎನ್‌ಜೈಮಿಗೆ ಹಣ್ಣಿನ ರಸ ತಿಳಿ ಮಾಡಲು ಬಳಸುವ ಪೆಕ್ಟಿನೇಸ್ ತಂದಿದ್ದೆವು. ಅದು ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನದು. ಆ ಡಬ್ಬಿಯಲ್ಲಿ ಬೇರೆ ಎನ್‌ಜೈಮುಗಳೂ ಬೆರೆತಿರುತ್ತವೆ. ಅದಕ್ಕೇ ಮೇಷ್ಟ್ರು ಪ್ಲೇಟಿಗೆ ಹೊಯ್ಯುವ ಅಗರ್ ಜೆಲ್ಲಿಗೆ ಮಾಮೂಲಿ ಪೆಕ್ಟಿನ್ ಹಾಕಲು ಬಿಡಲಿಲ್ಲ, ಪಾಲಿಗ್ಯಾಲಕ್ಟುರಾನಿಕ್ ಆಮ್ಲವನ್ನೇ, ಅಂದರೆ ಆ ಗೆಣ್ಣುಗಳ ಬರೀ ಸರಪಳಿಯನ್ನೇ, ಹಾಕಿಸಿದರು.

ಪ್ಲೇಟಿನಲ್ಲಿ ನಾಲ್ಕು ಗುಳಿ. ಒಂದರಲ್ಲಿ ಬರೀ ಎನ್‌ಜೈಮ್. ಇನ್ನೊಂದರಲ್ಲಿ ಎನ್‌ಜೈಮ್ ಜೊತೆ ಹುರುಳಿಕಾಯಿ ರಸ. ಮೂರನೆಯದಕ್ಕೂ ಎನ್‌ಜೈಮ್ ಮತ್ತು ಅದೇ ರಸ, ಆದರೆ ಕುದಿಸಿ ಪ್ರೋಟೀನು ಕೆಡಿಸಿದ್ದು. ನಾಲ್ಕನೆಯದು ಮೇಷ್ಟ್ರ ಹಟದ್ದು: ಎನ್‌ಜೈಮ್ ಜೊತೆ ಖಾಲಿ ಉಪ್ಪಿನ ಬಫರ್. “ತಡೆದದ್ದು ಕಾಯಿಯೋ, ನಿಮ್ಮ ಉಪ್ಪೋ, ಹೆಂಗೆ ಹೇಳ್ತೀರಿ?” ಅನ್ನುತ್ತಿದ್ದರು. ರಾತ್ರಿಯೆಲ್ಲ ಇನ್‌ಕ್ಯುಬೇಟರಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಮೇಲೆ ಉದ್ದ ಸರಪಳಿಗಳನ್ನು ಬೆಳ್ಳಗೆ ಗರಣೆಗಟ್ಟಿಸುವ ಸೀಟ್ಯಾಬ್ (CTAB) ದ್ರಾವಣ ಸುರಿಯುವುದು. ಕೆಂಪು ಬಣ್ಣದ ರುಥೇನಿಯಂ ರೆಡ್ ಹಾಕಿದರೆ ಇನ್ನೂ ಚೆಂದ ಕಾಣುತ್ತದಂತೆ, ಆದರೆ ಅದರ ಬೆಲೆಗೆ ನಮ್ಮ ಡಿಪಾರ್ಟ್‌ಮೆಂಟು ತಲೆ ಅಲ್ಲಾಡಿಸಿತ್ತು. ಸೀಟ್ಯಾಬ್ ಬಿದ್ದ ಸ್ವಲ್ಪ ಹೊತ್ತಿಗೆ ಪ್ಲೇಟು ಹಾಲಿನಷ್ಟು ಬೆಳ್ಳಗಾಯಿತು. ಸರಪಳಿ ಕಡಿದುಹೋದ ಕಡೆ ಮಾತ್ರ ಪಾರದರ್ಶಕ ವೃತ್ತ. ಮೂರು ಗುಳಿಗಳ ಸುತ್ತ ಅಗಲ ವೃತ್ತ, ಹಸಿ ರಸದ ಗುಳಿಯ ಸುತ್ತ ಸಣ್ಣ ಉಂಗುರ. ಸಂತೆಯಿಂದ ತಂದ ಕಾಯಿ ಬೂಷ್ಟಿನ ಕತ್ತರಿಯನ್ನು ಹಿಡಿದು ನಿಲ್ಲಿಸಿತ್ತು!

ಈ ಪ್ರೋಟೀನನ್ನು ಮೊದಲು ಗುರುತಿಸಿದ್ದು ಅಮೆರಿಕದ ಕೊಲರಾಡೊದಲ್ಲಿ, 1971ರಲ್ಲಿ. ಪೀಟರ್ ಆಲ್ಬರ್ಶೈಮ್ ಮತ್ತು ಆನ್ ಆಂಡರ್ಸನ್. ಅವರು ಬಳಸಿದ ಗಿಡಗಳಲ್ಲೂ ಹುರುಳಿಕಾಯಿ ಇತ್ತು. ಪಿಜಿಐಪಿ (PGIP) ಅಂತ ಹೆಸರು, ಅಂದರೆ ಪಾಲಿಗ್ಯಾಲಕ್ಟುರೊನೇಸನ್ನು ತಡೆಯುವ ಪ್ರೋಟೀನು. ಗಿಡಕ್ಕೂ ತನ್ನದೇ ಪಾಲಿಗ್ಯಾಲಕ್ಟುರೊನೇಸ್ ಇದೆ, ಹಣ್ಣು ಮೆತ್ತಗಾಗುವುದರಲ್ಲಿ ಅದರ ಪಾಲೂ ಇದೆ. ಅದನ್ನು ಪಿಜಿಐಪಿ ಮುಟ್ಟುವುದಿಲ್ಲ. ಹಿಡಿಯುವುದು ಹೊರಗಿನವರದನ್ನು ಮಾತ್ರ.

ನಮ್ಮ ಪ್ರಾಕ್ಟಿಕಲ್ ನಡೆದ 2003ರಲ್ಲೇ ರೋಮ್‌ನ ತಂಡವೊಂದು ಹುರುಳಿಕಾಯಿ ಪಿಜಿಐಪಿಯ ರಚನೆ ಪ್ರಕಟಿಸಿತ್ತು. ಮೇಷ್ಟ್ರು ಅದರ ಜೆರಾಕ್ಸ್ ತಂದು ಗೋಡೆಗೆ ಅಂಟಿಸಿದರು. ಕಪ್ಪುಬಿಳುಪಿನಲ್ಲಿ ಅರ್ಧ ಏನೂ ಕಾಣುತ್ತಿರಲಿಲ್ಲ. ಒಂದೇ ಬಗೆಯ ಹತ್ತು ಮಡಿಕೆ, ಒಟ್ಟಾಗಿ ಬಾಗಿದ ಆಕಾರ. ಎನ್‌ಜೈಮಿಗೆ ಕಚ್ಚಿಕೊಳ್ಳುವುದು ಒಳಬದಿಯಿಂದ. ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ 1999ರ ಇನ್ನೊಂದು ಕೆಲಸ. ಹುರುಳಿಕಾಯಿಯಲ್ಲಿ ಪಿಜಿಐಪಿ ಒಂದೇ ಅಲ್ಲ, ಹಲವಿವೆ. ಮೊದಲನೆಯದಕ್ಕೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಎನ್‌ಜೈಮ್ ಹಿಡಿಯಲು ಬರುವುದಿಲ್ಲ, ಎರಡನೆಯದಕ್ಕೆ ಬರುತ್ತದೆ. ಮೊದಲನೆಯದರ 253ನೇ ಜಾಗದ ಲೈಸಿನ್ ತೆಗೆದು ಗ್ಲುಟಮಿನ್ ಇಟ್ಟರೆ ಸಾಕು, ಅದೂ ಹಿಡಿಯತೊಡಗುತ್ತದೆ. ಒಂದೇ ಒಂದು ಅಮೈನೊ ಆಮ್ಲ! ನಾನು ಕೊನೆಗೆ ಬೀಜ ಕಂಪನಿಯ ಕೆಲಸ ಬಿಟ್ಟು ಸಂಶೋಧನೆಯ ದಾರಿ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಇಷ್ಟಾದರೂ ಪಿಜಿಐಪಿ ಇದ್ದರೆ ರೋಗ ಬರುವುದೇ ಇಲ್ಲ ಅಂತಲ್ಲ. ಪಿಯರ್ (ಮರಸೇಬು) ಹಣ್ಣಿನ ಪಿಜಿಐಪಿ ಜೀನನ್ನು ಟೊಮ್ಯಾಟೊಗೆ ಸೇರಿಸಿದ ಪ್ರಯೋಗದಲ್ಲೂ ಬೂದು ಬೂಷ್ಟಿನ ಮಚ್ಚೆಗಳು ಎದ್ದವು, ಹರಡಿದ್ದು ಮಾತ್ರ ಕಡಿಮೆ. ಶಿಲೀಂಧ್ರಕ್ಕೆ ಪೆಕ್ಟಿನ್ ಕಡಿಯಲು ಬೇರೆ ಎನ್‌ಜೈಮುಗಳೂ ಇವೆ, ಅವಕ್ಕೆ ಪಿಜಿಐಪಿ ಅಡ್ಡ ಬರುವುದಿಲ್ಲ. ಇದೊಂದೇ ಜೀನಿನಿಂದ ರೈತನ ಔಷಧಿ ಖರ್ಚು ಉಳಿಯುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಮೇಷ್ಟ್ರಿಗೂ ರುಚಿಸಿದ್ದು ಪಿಜಿಐಪಿ ತಡೆಯುವುದಲ್ಲ, ನಿಧಾನ ಮಾಡುವುದು. ಎನ್‌ಜೈಮ್ ಪೂರ್ತಿ ವೇಗದಲ್ಲಿ ಕಡಿದರೆ ಸರಪಳಿ ಚೂರುಚೂರಾಗುತ್ತದೆ, ಆ ಚೂರುಗಳು ಶಿಲೀಂಧ್ರದ ಊಟ. ಪಿಜಿಐಪಿ ಕಾಲೆಳೆದಾಗ 10ರಿಂದ 15 ಘಟಕದ ಉದ್ದನೆಯ ತುಂಡುಗಳು ಉಳಿಯುತ್ತವೆ. ಗಿಡಕ್ಕೆ ಅವೇ ಅಪಾಯದ ಸುದ್ದಿ. ಅವು ಮುಟ್ಟಿದ ಕೂಡಲೇ ಕೋಶಗಳು ರಕ್ಷಣೆಯ ಕೆಲಸ ಶುರು ಮಾಡುತ್ತವೆ. ಇದನ್ನು ಅವರು ಬೋರ್ಡಿನ ಮೇಲೆ ಸೀಮೆಸುಣ್ಣ ಮುರಿದು ಮುರಿದು ತೋರಿಸುತ್ತಿದ್ದರು.

2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನ ಓದಿದಾಗ ಮೊದಲು ನೆನಪಾದದ್ದು ಅವರೇ. ಜಿಜಿಯೆ ಚಾಯ್ ಮತ್ತು ಜೊತೆಗಾರರ ಕೆಲಸ. ಅದೇ ಹುರುಳಿಕಾಯಿಯ ಪಿಜಿಐಪಿ-2, ಫ್ಯುಸೇರಿಯಂ ಜಾತಿಯ ಒಂದು ಎನ್‌ಜೈಮ್. ಪಿಜಿಐಪಿ ಬರೀ ಅಡ್ಡಗಾಲು ಹಾಕುವುದಲ್ಲ, ಎನ್‌ಜೈಮಿಗೆ ಅಂಟಿಕೊಂಡು ಅದು ಕಡಿಯುವ ರೀತಿಯನ್ನೇ ಬದಲಿಸುತ್ತದೆ. ಎರಡೂ ಕೂಡಿದ ಮೇಲೆ ಹುಟ್ಟುವುದು ಉದ್ದ ತುಂಡು ಮಾಡುವ ಹೊಸ ಕತ್ತರಿ. ಅಂದರೆ ಶತ್ರುವಿನ ಆಯುಧವೇ ಗಿಡಕ್ಕೆ ಸುದ್ದಿ ಕಳಿಸುವ ಕೆಲಸಕ್ಕೆ ನಿಲ್ಲುತ್ತದೆ.

ನಿವೃತ್ತರಾಗಿ ಊರಿನಲ್ಲಿರುವ ಮೇಷ್ಟ್ರಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದೆ. ಸಂಜೆಗೆ ಫೋನೇ ಬಂತು. “ಹಂಗಾದ್ರೆ ನಮ್ಮ ಪ್ಲೇಟು ಅರ್ಧ ಕಥೆ ಹೇಳ್ತಿತ್ತು ಅಲ್ವಾ? ವೃತ್ತದ ಅಗಲ ನೋಡಿದ್ರೆ ಎಷ್ಟು ಕಡಿದಿದೆ ಗೊತ್ತಾಗುತ್ತೆ, ಎಷ್ಟುದ್ದ ಕಡಿದಿದೆ ಗೊತ್ತಾಗಲ್ಲ” ಅಂದರು. ತುಂಡುಗಳ ಉದ್ದ ನೋಡುವುದಕ್ಕೆ ಒಳ್ಳೆಯ ಕ್ರೊಮಟೊಗ್ರಫಿ ಯಂತ್ರ ಬೇಕು, ಡಿಪಾರ್ಟ್‌ಮೆಂಟಿಗೆ ಈಗಲಾದರೂ ಬಂದಿದೆಯಾ ವಿಚಾರಿಸು ಅಂತ ಹೇಳಿ ಇಟ್ಟರು. ಡಿಪಾರ್ಟ್‌ಮೆಂಟಿನವರೇ, ಬಂದಿದೆಯಾ? ಬಂದಿದ್ದರೆ ಒಂದು ಶನಿವಾರ ಹುರುಳಿಕಾಯಿ ನಾನೇ ತರುತ್ತೇನೆ.