ಹಿತ್ತಲಲ್ಲಿ ತಾನಾಗಿ ಹುಟ್ಟಿದ ‘ಬೇವು’: ಗುರುತು ಹಿಡಿದ ದಾಖಲೆ

ಆಗಸ್ಟ್

ಜಾಗ ತುಮಕೂರು, ಹಿತ್ತಲಿನ ಕಾಂಪೌಂಡಿನಿಂದ 4 ಅಡಿ ಒಳಗೆ. ಯಾರೂ ನೆಟ್ಟದ್ದಲ್ಲ. ಎತ್ತರ ಸುಮಾರು 15 ಅಡಿ, ನೆಲದಿಂದ 1.37 ಮೀಟರ್ ಮೇಲೆ ಕಾಂಡದ ಸುತ್ತಳತೆ 31 ಸೆಂ.ಮೀ. ಮನೆಯಲ್ಲಿ ಎಲ್ಲರೂ ಬೇವು ಅನ್ನುತ್ತಾರೆ. ಯುಗಾದಿಗೆ ಇದರ ಚಿಗುರು, ಹೂವು ಬೆಲ್ಲದ ಜೊತೆ ಬಾಯಿಗೆ ಹೋಗುವುದಾದರೆ ಹೆಸರು ಅಂದಾಜಿನದಾದರೆ ಸಾಲದು.

ಮೊದಲ ಕೆಲಸ ಎಲೆ. ಇಲ್ಲೇ ಹೆಚ್ಚಿನವರು ತಪ್ಪುವುದು. ಕೈಗೆ ಸಿಕ್ಕ ಒಂದು ಗರಿ ಕಿತ್ತು ಹತ್ತಿರದಿಂದ ಫೋಟೊ ತೆಗೆದರೆ ಅದು ಬೇವಿನ ಹಾಗೇ ಕಾಣುತ್ತದೆ, ಫೋನಿನ ಆ್ಯಪ್ ಕೂಡ ಬೇವು ಎನ್ನುತ್ತದೆ. ಆದರೆ ಆ ಗರಿ ಪೂರ್ತಿ ಎಲೆಯಲ್ಲ, ಎಲೆಯ ಒಂದು ಕವಲು ಮಾತ್ರ. ತೊಟ್ಟನ್ನು ಹಿಡಿದು ರೆಂಬೆಯ ಕಡೆಗೆ ಹೋಗಬೇಕು. ತೊಟ್ಟು ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಸಿಕ್ಕಿದರೆ ಎಲೆ ಶುರುವಾಗುವುದು ಅಲ್ಲಿಂದ. ಗರಿಯ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಹೀಗೆ ಅಳೆದಾಗ ಪೂರ್ತಿ ಎಲೆ 38 ಸೆಂ.ಮೀ. ನಡುದಿಂಡು, ಅದರಿಂದ ಪಕ್ಕದ ದಿಂಡುಗಳು, ಆ ದಿಂಡುಗಳ ಮೇಲೆ ಅಂಚು ಗರಗಸದಂತಿರುವ ಕಿರುಎಲೆಗಳು. ಬೇವಿನ ಎಲೆ ಕವಲೊಡೆಯುವುದಿಲ್ಲ. ಕಿರುಎಲೆಗಳು ನೇರವಾಗಿ ನಡುದಿಂಡಿಗೇ ಅಂಟಿರುತ್ತವೆ. ಅಲ್ಲಿಗೆ ಬೇವು ಪಟ್ಟಿಯಿಂದ ಹೊರಗೆ.

ನುಗ್ಗೆಯ ಎಲೆಯೂ ಹೀಗೆ ಕವಲೊಡೆಯುತ್ತದೆ. ಅದರ ಕಿರುಎಲೆ ದುಂಡು, ಅಂಚು ನಯ, ಹಾಗಾಗಿ ಅದೂ ಅಲ್ಲ.

ಉಳಿದವು ಎರಡು: ಹೆಬ್ಬೇವು (ಮೆಲಿಯಾ ಡುಬಿಯಾ), ಹುಚ್ಚುಬೇವು (ಮೆಲಿಯಾ ಅಜೆಡರಾಕ್). ಕಾಡುಬೇವು ಎಂಬ ಹೆಸರು ಊರಿಂದೂರಿಗೆ ಎರಡಕ್ಕೂ ಓಡುತ್ತದೆ, ಅದನ್ನು ನಂಬುವಂತಿಲ್ಲ. ಎಲೆಯೊಂದರಿಂದ ಇವನ್ನು ಬೇರ್ಪಡಿಸಲು ಹೋಗಬಾರದು ಎಂಬುದು ನಮ್ಮ ಅಭಿಪ್ರಾಯ. ಎಳೆ ಗಿಡದ ಎಲೆ ಬಲಿತ ಮರದ ಎಲೆಯಷ್ಟು ಕವಲೊಡೆಯದೆ ಇರಬಹುದು. ಕಹಿಯೂ ಪರೀಕ್ಷೆಯಲ್ಲ, ಗುರುತು ಸಿಗದ ಮರದ ಎಲೆಯನ್ನು ನಾಲಿಗೆಗೆ ಇಡಲೇಬೇಡಿ.

ಪೂರ್ತಿ ಎಲೆಯನ್ನು ಕಂಕುಳ ಮೊಗ್ಗಿನ ಸಮೇತ ಕತ್ತರಿಸಿ, ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರ ಹೇರಿದೆವು. ಮೊದಲ 4 ದಿನ ದಿನಕ್ಕೊಮ್ಮೆ ಹಾಳೆ ಬದಲಿಸಬೇಕು, ಮಳೆಗಾಲದಲ್ಲಿ ಎರಡು ಸಲ. ಇಲ್ಲದಿದ್ದರೆ ಬೂಸ್ಟು ಹಿಡಿದು ಕಿರುಎಲೆಗಳು ಕಪ್ಪಾಗಿ ಉದುರುತ್ತವೆ. ಕೆಲವು ಎಲೆ ಮಗುಚಿ ಇಟ್ಟರೆ ಹಿಂಬದಿಯೂ ಕಾಣುತ್ತದೆ.

ಜನವರಿ

ಎಲೆ ಪೂರ್ತಿ ಉದುರಿದೆ. ತೊಗಟೆ ಇನ್ನೂ ನಯ, ಬಿಳಿ ಚುಕ್ಕೆಗಳು ಎದ್ದು ಕಾಣುತ್ತಿವೆ. ಸುತ್ತಳತೆ 36 ಸೆಂ.ಮೀ.

ಮಾರ್ಚ್

ಚಿಗುರಿನ ಜೊತೆಗೇ ಹೂಗೊಂಚಲು. ಎಸಳು ತಿಳಿನೇರಳೆ, ಐದು. ನಡುವಿನ ಕೇಸರಗಳು ಒಂದಾಗಿ ಕೂಡಿ ಕೊಳವೆಯಾಗಿವೆ. ಅದರ ಬಣ್ಣ ಕಡುನೇರಳೆ. ಹೆಬ್ಬೇವಿನ ಹೂ ಹಸಿರು ಮಿಶ್ರಿತ ಬಿಳಿ, ಬೇವಿನದು ಬಿಳಿ. ಇಷ್ಟು ದಿನ ಕಾದದ್ದು ಈ ಕೊಳವೆಗಾಗಿ. ಹೂವನ್ನು ಉದ್ದಕ್ಕೆ ಸೀಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ನೆರಳಿನಲ್ಲಿ ಫೋಟೊ ತೆಗೆದದ್ದಾಯಿತು. ನೇರ ಬಿಸಿಲಲ್ಲಿ ತಿಳಿನೇರಳೆ ಬಿಳಿಯಾಗಿ ಬೀಳುತ್ತದೆ, ಆಗ ಪುನಃ ಹೆಬ್ಬೇವಿನ ಗೊಂದಲ.

ಗೊಂದಲ ಹಳೆಯದೇ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಬೇವನ್ನೂ ಮೆಲಿಯಾ ಕುಲದಲ್ಲೇ ಇಟ್ಟಿದ್ದ. ಅದು ಅಜಾಡಿರಕ್ಟಾ ಎಂದು ಬೇರೆಯಾದದ್ದು 1830ರಲ್ಲಿ.

ಡಿಸೆಂಬರ್

ಕಾಯಿ ಹಳದಿಯಾಗಿ, ಎಲೆಯಿಲ್ಲದ ರೆಂಬೆಗಳಲ್ಲೇ ಜೋತು ಬಿದ್ದಿದೆ. ಹತ್ತು ಕಾಯಿ ಅಳೆದೆವು: ದುಂಡು, ಅಡ್ಡಳತೆ 1.2ರಿಂದ 1.5 ಸೆಂ.ಮೀ. ಹೆಬ್ಬೇವಿನ ಕಾಯಿ ಇದರ ಎರಡರಷ್ಟು ದೊಡ್ಡದು, ಮೊಟ್ಟೆಯಾಕಾರ. ತಿರುಳು ತೆಗೆಯುವಾಗ ಕೈಗವಸು ಹಾಕಿಕೊಳ್ಳಿ. ಈ ಹಣ್ಣು ಮನುಷ್ಯರಿಗೂ ಹಂದಿಗಳಿಗೂ ವಿಷ. ಹಕ್ಕಿಗಳು ತಿನ್ನುತ್ತವೆ, ಈ ಗಿಡ ಹಿತ್ತಲಿಗೆ ಬಂದದ್ದೂ ಬಹುಶಃ ಹಾಗೆಯೇ.

ಗೊರಟೆಯನ್ನು ಎರಡು ದಿನ ನೀರಲ್ಲಿ ನೆನೆಸಿ ಹಲ್ಲುಜ್ಜುವ ಹಳೆ ಬ್ರಷ್‌ನಿಂದ ತಿಕ್ಕಿದಾಗ ಉದ್ದಕ್ಕೆ ಏಣುಗಳು ಎದ್ದವು. ನಡುವೆ ಸಹಜವಾಗಿಯೇ ತೂತಿದೆ. ಮೆತ್ತನೆಯ ತಿರುಳು ಕೆದಕಿದರೆ ದಬ್ಬಳ ಆಚೆ ಬರುತ್ತದೆ. ಜಪಮಾಲೆಗೆ ಇದನ್ನು ಪೋಣಿಸುವುದು ಇದರಿಂದಲೇ. ಬೇವಿನ ಬೀಜದಲ್ಲಿ ಈ ತೂತಿಲ್ಲ.

ಹೆಸರು: ಮೆಲಿಯಾ ಅಜೆಡರಾಕ್, ಹುಚ್ಚುಬೇವು. ಬುಡಕ್ಕೆ ತಗಡಿನ ಫಲಕ ನೆಟ್ಟಿದ್ದೇವೆ: ‘ಇದು ಬೇವಲ್ಲ. ಯುಗಾದಿಗೆ ಕೀಳಬೇಡಿ.’ ರೆಂಬೆಗಳು ಗಾಳಿಗೆ ಸುಲಭವಾಗಿ ಮುರಿಯುವುದರಿಂದ, ಕಾಂಪೌಂಡಿನ ಮೇಲೆ ಬಾಗಿದ ಎರಡನ್ನು ಹೊಸ ಚಿಗುರು ಬರುವ ಮುಂಚೆಯೇ ಸವರಬೇಕು.