ಮನೆಯ ಬ್ರೌಸರ್‌ಗಳ ಲೆಕ್ಕದ ಪುಸ್ತಕ: ಆರು ವಾರ ಆಯಿತು

1ನೇ ವಾರ

ಪ್ರಶ್ನೆ ಒಂದೇ. ಬ್ರೌಸರಿನ ಭದ್ರತಾ ಲೋಪವೊಂದನ್ನು ಮುಚ್ಚುವ ಅಪ್‌ಡೇಟ್ ಹೊರಬಂದ ದಿನಕ್ಕೂ, ಅದು ನಮ್ಮ ಮನೆಯಲ್ಲಿ ನಿಜವಾಗಿ ಕೆಲಸ ಶುರು ಮಾಡುವ ದಿನಕ್ಕೂ ಎಷ್ಟು ಅಂತರ ಇದೆ? ಮೂರು ಲ್ಯಾಪ್‌ಟಾಪ್, ಮೂರು ಫೋನ್. ಒಟ್ಟು ಹನ್ನೊಂದು ಬ್ರೌಸರ್. ಒಂದು ನೋಟ್‌ಬುಕ್ ತೆಗೆದು ಪ್ರತಿಯೊಂದರ ವರ್ಶನ್ ಬರೆದುಕೊಂಡೆ.

ಮೊದಲ ದಿನವೇ ಸಿಕ್ಕಿಬಿದ್ದದ್ದು ನನ್ನದೇ ಲ್ಯಾಪ್‌ಟಾಪ್. ಅಪ್‌ಡೇಟ್ ಡೌನ್‌ಲೋಡ್ ಆಗಿತ್ತು, ಆದರೆ ಬ್ರೌಸರ್ ಮುಚ್ಚಿ ತೆರೆಯದೆ 19 ದಿನ ಆಗಿತ್ತು. ನಾನು ಸುಮ್ನೆ ಮುಚ್ಚಳ ಮಡಚಿ ಮಲಗುತ್ತಿದ್ದೆ. ಡಿಸ್ಕಿನಲ್ಲಿ ಹೊಸದು, ಓಡುತ್ತಿರುವುದು ಹಳೆಯದು.

ಈ 19 ದಿನ ಯಾಕೆ ದೊಡ್ಡ ವಿಷಯ ಅಂದರೆ, ಫೈರ್‌ಫಾಕ್ಸ್ ಮತ್ತು ಕ್ರೋಮಿಯಂ (ಕ್ರೋಮ್ ಬ್ರೌಸರಿಗೆ ಅಡಿಪಾಯವಾದ ಪ್ರೋಗ್ರಾಮ್) ಎರಡರ ಕೋಡೂ ಎಲ್ಲರಿಗೂ ಕಾಣುತ್ತದೆ. ರಿಪೇರಿ ಮಾಡಿದ ಸಾಲುಗಳೂ ಕಾಣುತ್ತವೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ತೂತು ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಹಾಗಾಗಿ ಅಪ್‌ಡೇಟ್ ಬಂದ ಮೇಲೆ, ಅದನ್ನು ಹಾಕಿಕೊಳ್ಳದವರಿಗೆ ಅಪಾಯ ಇನ್ನೂ ಜಾಸ್ತಿ ಆಗುತ್ತದೆ. ಈ ಅಂತರ ಕಡಿಮೆ ಮಾಡಲೆಂದೇ ಕ್ರೋಮ್ 2023ರಲ್ಲಿ, 116ನೇ ವರ್ಶನ್‌ನಿಂದ, ವಾರಕ್ಕೊಂದು ಭದ್ರತಾ ಅಪ್‌ಡೇಟ್ ಕೊಡಲು ಶುರು ಮಾಡಿತು. ಅವರು ವಾರಕ್ಕೊಮ್ಮೆ ಕೊಟ್ಟರೂ ನಾನು ತೆಗೆದುಕೊಂಡಿರಲಿಲ್ಲ.

2ನೇ ವಾರ

ಲೋಪ ಅಂದರೆ ಏನು ಅಂತ ಕಣ್ಣಾರೆ ನೋಡಬೇಕಿತ್ತು. ಕ್ರೋಮಿಯಂ ತಂಡ 2020ರಲ್ಲಿ ಹೇಳಿದ ಪ್ರಕಾರ, ಅವರ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು. ಅದರಲ್ಲಿ ಅರ್ಧದಷ್ಟು 'ಯೂಸ್ ಆಫ್ಟರ್ ಫ್ರೀ', ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸುವುದು. ಬಾಡಿಗೆ ಮನೆ ಖಾಲಿ ಮಾಡಿದ ಮೇಲೂ ಹಳೇ ಕೀಲಿ ಜೇಬಿನಲ್ಲೇ ಉಳಿದ ಹಾಗೆ. ಆ ಮನೆಗೆ ಬೇರೆಯವರು ಬಂದಿರುತ್ತಾರೆ, ಕೀಲಿ ಮಾತ್ರ ಇನ್ನೂ ತಿರುಗುತ್ತದೆ.

ಸಿ ಭಾಷೆಯಲ್ಲಿ ಮೂವತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಒಂದಿಷ್ಟು ಮೆಮೊರಿ ಪಡೆದು ಬಿಟ್ಟುಕೊಟ್ಟೆ. ಅಷ್ಟೇ ಅಳತೆಯದನ್ನು ಮತ್ತೆ ಕೇಳಿದೆ. ಅದೇ ವಿಳಾಸ ಸಿಕ್ಕಿತು! ಹಳೇ ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಂಡಿರುವ ಗುರುತು) ಮೂಲಕ ಓದಿದರೆ ಹೊಸ ಡೇಟಾ ಬಂತು. ಇನ್ನೊಬ್ಬರ ಮನೆಯೊಳಗೆ ನಿಂತ ಹಾಗೆ ಅನ್ನಿಸಿತು. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನ ಹಾಕಿ ಓಡಿಸಿದಾಗ ಆ ಸಾಲಿನಲ್ಲೇ ನಿಲ್ಲಿಸಿ ತೋರಿಸಿತು. ಬ್ರೌಸರಿನಲ್ಲಿ ಆ ಖಾಲಿ ಜಾಗಕ್ಕೆ ಏನು ಬಂದು ಕೂರಬೇಕು ಅನ್ನುವುದನ್ನು ಒಂದು ವೆಬ್ ಪುಟದ ಜಾವಾಸ್ಕ್ರಿಪ್ಟ್ ತೀರ್ಮಾನಿಸಬಹುದು. ದಾಳಿ ಹುಟ್ಟುವುದೇ ಅಲ್ಲಿ.

ಸಮಾಧಾನದ ವಿಷಯವೂ ಇದೆ. ಕ್ರೋಮ್ 2008ರಲ್ಲಿ ಬಂದಾಗಿನಿಂದಲೇ ಪುಟಗಳನ್ನು ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೆ ಓಡಿಸುತ್ತದೆ. ಹಾಗಾಗಿ ದಾಳಿ ಮಾಡುವವರಿಗೆ ಸಾಮಾನ್ಯವಾಗಿ ಎರಡು ತೂತು ಬೇಕು. ಒಂದು ಒಳಗೆ ಬರಲು, ಇನ್ನೊಂದು ಬೇಲಿ ದಾಟಲು.

3ನೇ ವಾರ

ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಎಣಿಸಿದೆ. ಹದಿನಾಲ್ಕು! ಒಂಬತ್ತಕ್ಕೆ 'ಎಲ್ಲಾ ವೆಬ್‌ಸೈಟ್‌ಗಳಲ್ಲಿ ನಿಮ್ಮ ಡೇಟಾ ಓದಿ ಬದಲಾಯಿಸುವ' ಅನುಮತಿ ನಾನೇ ಕೊಟ್ಟಿದ್ದೆ. ಇಲ್ಲಿ ಯಾವ ಲೋಪವೂ ಬೇಕಾಗಿಲ್ಲ, ಬಾಗಿಲು ತೆರೆದೇ ಇರುತ್ತದೆ. 'ದಿ ಗ್ರೇಟ್ ಸಸ್ಪೆಂಡರ್' ಅಂತ ತುಂಬಾ ಜನ ಬಳಸುತ್ತಿದ್ದ ಎಕ್ಸ್‌ಟೆನ್ಶನ್ 2020ರಲ್ಲಿ ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ತೆಗೆದುಹಾಕಿತು. ಬಳಸುತ್ತಿದ್ದವರು ಏನೂ ತಪ್ಪು ಮಾಡಿರಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಈಗ ನಾಲ್ಕೇ ಉಳಿದಿವೆ. ಅದರಲ್ಲಿ ಎರಡು ನಾನು ಕ್ಲಿಕ್ ಮಾಡಿದಾಗ ಮಾತ್ರ ಪುಟ ಮುಟ್ಟಬಹುದು.

4ನೇ ವಾರ

ವಿಂಡೋಸ್ 7 ಇದ್ದ ಹಳೇ ಲ್ಯಾಪ್‌ಟಾಪ್. ಅದಕ್ಕೆ ಸಿಗುವ ಕೊನೆಯ ಕ್ರೋಮ್ 109, 2023ರ ಆರಂಭದ್ದು. ಹೊಸ ಕ್ರೋಮ್ ಹಾಕಿ ಸರಿಪಡಿಸುವ ದಾರಿ ಇರಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿದೆ, ಒಂದು ಸಂಜೆಯ ಕೆಲಸ.

5ನೇ ವಾರ

ನನ್ನ ಲೆಕ್ಕವೇ ತಪ್ಪಿತ್ತು. ಬ್ರೌಸರ್ ಹನ್ನೊಂದಲ್ಲ, ಅದಕ್ಕಿಂತ ಜಾಸ್ತಿ.

2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ ಬಿಚ್ಚುವ ಲೈಬ್ರರಿಯಲ್ಲಿ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಸಿದ್ಧ ಕೋಡು) ಒಂದು ಲೋಪ ಹೊರಬಂತು. ಲೋಪಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2023-4863 ಅದರ ಸಂಖ್ಯೆ. ಬೇಕಂತಲೇ ಕೆಡಿಸಿದ ಒಂದು ಚಿತ್ರ, ನಿಗದಿಯಾದ ಮೆಮೊರಿಯ ಆಚೆಗೂ ಬರೆಯುವಂತೆ ಮಾಡುತ್ತಿತ್ತು. ಆ ಹೊತ್ತಿಗಾಗಲೇ ಅದನ್ನು ದಾಳಿಗೆ ಬಳಸುತ್ತಿದ್ದರು. ಕ್ರೋಮ್, ಫೈರ್‌ಫಾಕ್ಸ್ ಬೇಗ ಸರಿಪಡಿಸಿದವು. ಆದರೆ ಎಲೆಕ್ಟ್ರಾನ್ (ವೆಬ್ ಪುಟದ ಕೋಡಿನಿಂದ ಕಂಪ್ಯೂಟರ್ ಆ್ಯಪ್ ಕಟ್ಟುವ ಸಾಧನ) ಬಳಸಿ ಮಾಡಿದ ಆ್ಯಪ್‌ಗಳು ತಮ್ಮದೇ ಕ್ರೋಮಿಯಂ ಹೊತ್ತು ತಿರುಗುತ್ತವೆ. ಬ್ರೌಸರ್ ಅಪ್‌ಡೇಟ್ ಮಾಡಿದರೆ ಅವು ಬದಲಾಗುವುದಿಲ್ಲ. ಆಯಾ ಆ್ಯಪ್ ಮಾಡಿದವರೇ ಹೊಸದನ್ನು ಕೊಡಬೇಕು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಅಂಥವು ಮೂರು ಸಿಕ್ಕವು. ಎರಡು ಸರಿಯಿದ್ದವು. ಮೂರನೆಯದರೊಳಗಿನ ಕ್ರೋಮಿಯಂಗೆ ಒಂದು ವರ್ಷಕ್ಕಿಂತ ಜಾಸ್ತಿ ವಯಸ್ಸು. ಮಾಡಿದವರಿಗೆ ಪತ್ರ ಬರೆದಿದ್ದೇನೆ. ಅಲ್ಲಿಯವರೆಗೆ ಆ ಆ್ಯಪ್ ತೆಗೆದು, ಅದೇ ಸೇವೆಯನ್ನು ಬ್ರೌಸರ್ ಟ್ಯಾಬಿನಲ್ಲಿ ಬಳಸುತ್ತಿದ್ದೇನೆ.

ಫೋನ್‌ಗಳಲ್ಲೂ ಇದೇ ಕಥೆ. ಆಂಡ್ರಾಯ್ಡ್ ಆ್ಯಪ್‌ಗಳ ಒಳಗೆ ಪುಟ ತೆರೆಯುವುದು ಸಿಸ್ಟಮ್ ವೆಬ್‌ವ್ಯೂ. ಪ್ಲೇ ಸ್ಟೋರಿನಲ್ಲಿ ಅದೂ ಅಪ್‌ಡೇಟ್ ಆಗಬೇಕು. ಅಮ್ಮನ ಫೋನಿನಲ್ಲಿ ತಾನಾಗೇ ಅಪ್‌ಡೇಟ್ ಆಗುವುದು ಬಂದ್ ಆಗಿತ್ತು, ಆನ್ ಮಾಡಿದೆ. ತಮ್ಮನ ಐಫೋನಿನಲ್ಲಿ ಸಫಾರಿ ಹೊಸದಾಗುವುದು ಐಒಎಸ್ ಜೊತೆಗೇ. ಅವನು ಎರಡು ಸಲ 'ಆಮೇಲೆ' ಒತ್ತಿದ್ದ.

6ನೇ ವಾರ

ಅಮ್ಮ ಫೋನ್ ಹಿಡಿದು ಬಂದರು. "ಯಾವಾಗಲೂ ಪಾಸ್‌ವರ್ಡ್ ತಾನಾಗೇ ತುಂಬ್ಕೊಳ್ತಿತ್ತಲ್ವಾ, ಇವತ್ತು ಯಾಕೆ ಬರ್ತಿಲ್ಲ ನೋಡೇ." ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿದ್ದರು. ಪುಟ ನೋಡಲು ಥೇಟ್ ಬ್ಯಾಂಕಿನದೇ. ವಿಳಾಸದಲ್ಲಿ ಒಂದು ಅಕ್ಷರ ಬೇರೆ. ನಮ್ಮ ಕಣ್ಣು ಬಣ್ಣ, ಚಿತ್ರ ನೋಡುತ್ತದೆ. ಬ್ರೌಸರ್ ಪಾಸ್‌ವರ್ಡ್ ತುಂಬುವ ಮುಂಚೆ ವಿಳಾಸ ನೋಡುತ್ತದೆ. ಹೊಂದದೇ ಇದ್ದದ್ದಕ್ಕೆ ಸುಮ್ಮನಿತ್ತು. "ಅಮ್ಮಾ, ಅದು ತುಂಬದಿದ್ದರೆ ನೀವೂ ಟೈಪ್ ಮಾಡಬೇಡಿ, ನನ್ನನ್ನ ಕರೀರಿ" ಅಂದೆ. 'ನಿಮ್ಮ ಬ್ರೌಸರ್ ಹಳೆಯದಾಗಿದೆ' ಅಂತ ಹೇಳಿ ಫೈಲ್ ಕೊಡುವ ಪುಟಗಳ ಬಗ್ಗೆಯೂ ಹೇಳಿದೆ. ನಿಜವಾದ ಅಪ್‌ಡೇಟ್ ಬ್ರೌಸರಿನ ಮೆನುವಿನಿಂದಲೋ ಸ್ಟೋರಿನಿಂದಲೋ ಬರುತ್ತದೆ, ವೆಬ್ ಪುಟದಿಂದ ಬರುವುದಿಲ್ಲ.

ಈ ವಾರದ ಲೆಕ್ಕ: ನನ್ನ ಅಂತರ 19 ದಿನದಿಂದ 1ಕ್ಕೆ ಇಳಿದಿದೆ. ರಾತ್ರಿ ಬ್ರೌಸರ್ ಮುಚ್ಚಿಯೇ ಏಳುತ್ತೇನೆ. ತಮ್ಮನದು ಇನ್ನೂ 6. ಟ್ಯಾಬ್‌ಗಳು ಹೋಗಿಬಿಡುತ್ತವೆ ಅನ್ನುವ ಭಯ ಅವನಿಗೆ. ಮುಚ್ಚಿದ ಟ್ಯಾಬ್‌ಗಳೇ ಮತ್ತೆ ತೆರೆದುಕೊಳ್ಳುವ ಸೆಟ್ಟಿಂಗ್ ಹಾಕಿ ಕೊಟ್ಟಿದ್ದೇನೆ, ಸೋಮವಾರ ನೋಡಬೇಕು. ಆ ಮೂರನೇ ಆ್ಯಪ್‌ನವರಿಂದ ಉತ್ತರ ಬಂದಿಲ್ಲ. ಆ ಸಾಲು ನೋಟ್‌ಬುಕ್ಕಿನಲ್ಲಿ ಹಾಗೇ ಖಾಲಿ ಇದೆ.