ಅವಳೆಂಥ ತಾಯಿ ಅಂತ ಕೇಳುವವರಿಗೆ

ಲೀಸಾ ಕೋ ಬರೆದ ‘ದಿ ಲೀವರ್ಸ್’ ಕಾದಂಬರಿಯನ್ನು ಇದುವರೆಗೆ ಏಳೆಂಟು ಜನರಿಗೆ ಓದಲು ಕೊಟ್ಟಿದ್ದೇನೆ. ಪುಸ್ತಕ ವಾಪಸ್ ಬರುವಾಗ ಅದರ ಜೊತೆ ಒಂದು ಪ್ರಶ್ನೆಯೂ ಬರುತ್ತದೆ. “ಹನ್ನೊಂದು ವರ್ಷದ ಮಗನನ್ನು ಬಿಟ್ಟು ಹೋದಳಲ್ಲ, ಅವಳೆಂಥ ತಾಯಿ?” ಹೆಂಗಸರೇ ಜಾಸ್ತಿ ಕೇಳುತ್ತಾರೆ. ಸ್ವಲ್ಪ ಕೋಪದಲ್ಲೇ ಕೇಳುತ್ತಾರೆ. ಪ್ರತಿ ಸಲ ಬಾಗಿಲಲ್ಲಿ ನಿಂತು ಅರ್ಧ ಉತ್ತರ ಹೇಳಿ ಕಳಿಸುತ್ತಿದ್ದೆ. ಈಗ ಪೂರ್ತಿ ಬರೆದುಬಿಡುತ್ತೇನೆ. ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಿಸಿ.

ಅವಳ ಹೆಸರು ಪೇಲಾನ್. ಅಮೆರಿಕದಲ್ಲಿ ಪಾಲಿ. ಚೀನಾದ ಫುಜಿಯಾನ್ ಪ್ರಾಂತದ ಹಳ್ಳಿಯವಳು, ಮೀನುಗಾರನ ಮಗಳು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಗ ಡೆಮಿಂಗ್ ಜೊತೆ ಇರುತ್ತಾಳೆ. ಉಗುರಿಗೆ ಬಣ್ಣ ಹಚ್ಚುವ ಸಲೂನಿನಲ್ಲಿ ಕೆಲಸ. ಒಂದು ದಿನ ಕೆಲಸಕ್ಕೆ ಹೋದವಳು ಮನೆಗೆ ಬರುವುದಿಲ್ಲ. ಮಗನನ್ನು ದೂರದ ಸಣ್ಣ ಊರೊಂದರ ಬಿಳಿಯ ಪ್ರೊಫೆಸರ್ ದಂಪತಿ ದತ್ತು ತೆಗೆದುಕೊಳ್ಳುತ್ತಾರೆ. ಡೆಮಿಂಗ್ ಹೋಗಿ ಡೇನಿಯಲ್ ಆಗುತ್ತಾನೆ. ಅಮ್ಮ ಬೇಕೆಂದೇ ಬಿಟ್ಟುಹೋದಳು ಅಂದುಕೊಂಡೇ ಅವನು ಬೆಳೆಯುತ್ತಾನೆ. ನಾವೂ ಅವನ ಜೊತೆ ಹಾಗೇ ಅಂದುಕೊಂಡು ಓದುತ್ತೇವೆ. ನಮ್ಮ ಕೋಪಕ್ಕೆ ಅರ್ಧ ಕಾರಣ ಕಥೆ ಹೇಳುವ ಈ ರೀತಿಯೇ.

ಆಮೇಲೆ ತಿಳಿಯುತ್ತದೆ, ಸಲೂನಿನ ಮೇಲೆ ವಲಸೆ ಅಧಿಕಾರಿಗಳ ರೇಡ್ ಆಗಿತ್ತು. ಅಮೆರಿಕದಲ್ಲಿರಲು ಬೇಕಾದ ಪೇಪರ್ ಅವಳ ಹತ್ತಿರ ಇರಲಿಲ್ಲ. ಅವಳನ್ನು ಟೆಕ್ಸಾಸಿನ ಡೇರೆಗಳ ಜೈಲಿಗೆ ಸಾಗಿಸಿ, ವರ್ಷಕ್ಕೂ ಜಾಸ್ತಿ ಇಟ್ಟು, ಚೀನಾಕ್ಕೆ ಕಳಿಸಿದ್ದರು. ಕಾದಂಬರಿಯ ಆ ಊರು ಕಲ್ಪನೆಯದು, ಡೇರೆಗಳು ಅಲ್ಲ. ಟೆಕ್ಸಾಸಿನ ರೇಮಂಡ್‌ವಿಲ್‌ನಲ್ಲಿ 2006ರಲ್ಲಿ ನಿಜವಾಗಿಯೂ ದೊಡ್ಡ ದೊಡ್ಡ ಡೇರೆ ಹಾಕಿ ವಲಸಿಗರನ್ನು ಕೂಡಿಹಾಕಿದ್ದರು.

ಇದು ಗೊತ್ತಾದ ಮೇಲೂ ಓದಿದವರ ಕೋಪ ಪೂರ್ತಿ ಇಳಿಯುವುದಿಲ್ಲ. “ಒಂದು ಫೋನ್ ಮಾಡೋಕಾಗ್ಲಿಲ್ವಾ?” ಅನ್ನುತ್ತಾರೆ. ನಾನು ತಿರುಗಿ ಕೇಳುತ್ತೇನೆ: ನಿಮ್ಮ ಮೊಬೈಲ್ ಕಿತ್ತುಕೊಂಡರೆ ನಿಮಗೆ ಎಷ್ಟು ನಂಬರ್ ಬಾಯಿಗೆ ಬರುತ್ತದೆ? ನನಗೆ ಎರಡು. ಅದರಲ್ಲಿ ಒಂದು ಅಪ್ಪನ ಮನೆಯ ಹಳೇ ಲ್ಯಾಂಡ್‌ಲೈನ್, ಅದು ಈಗಿಲ್ಲ.

ಲಾಯರ್ ವಿಷಯವೂ ಇದೆ. ಅಮೆರಿಕದಲ್ಲಿ ಕೊಲೆ ಆರೋಪಿಗೆ ದುಡ್ಡಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ವಲಸೆ ಕೋರ್ಟಿನಲ್ಲಿ ಕೊಡುವುದಿಲ್ಲ, ಅದು ಕ್ರಿಮಿನಲ್ ಕೇಸಲ್ಲವಂತೆ. ಕೂಡಿಹಾಕುವುದು ಮಾತ್ರ ಜೈಲಿನ ಹಾಗೇ. ಇನ್ನೊಂದು ಕಡೆ, 1997ರ ಒಂದು ಕಾನೂನು ಪ್ರಕಾರ, ಮಗು 22 ತಿಂಗಳಲ್ಲಿ 15 ತಿಂಗಳು ಸರ್ಕಾರದ ಆಸರೆಯಲ್ಲಿದ್ದರೆ ಹೆತ್ತವರ ಹಕ್ಕು ತೆಗೆಯಲು ರಾಜ್ಯ ಅರ್ಜಿ ಹಾಕಬೇಕು. ಕೆಲವು ವಿನಾಯಿತಿ ಇವೆ, ನಿಜ. ಆದರೆ ತಾಯಿಯನ್ನು ಕೂಡಿಹಾಕಿದವರೂ ಸರ್ಕಾರದವರೇ, ಅವಳು ಬರಲಿಲ್ಲ ಅಂತ ತಿಂಗಳು ಲೆಕ್ಕ ಹಾಕುವವರೂ ಸರ್ಕಾರದವರೇ.

ಕಾನೂನಿನ ಮಾತು ಸಾಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಪಾಲಿಗೆ ಪೇಪರ್ ಇಲ್ಲದ ಬಾಳು ಅಮೆರಿಕದಲ್ಲಿ ಶುರುವಾಗಿದ್ದಲ್ಲ. ಚೀನಾದಲ್ಲಿ ಹುಕೋ ಅಂತ ಒಂದು ನೋಂದಣಿ ಇದೆ. ಹಳ್ಳಿಯಲ್ಲಿ ಹುಟ್ಟಿದರೆ ಹಳ್ಳಿಯ ಹುಕೋ. ಕೆಲಸಕ್ಕೆ ನಗರಕ್ಕೆ ಬರಬಹುದು, ಆದರೆ ನಗರದವರಿಗೆ ಸಿಗುವ ಶಾಲೆ, ಆಸ್ಪತ್ರೆ ಸುಲಭಕ್ಕೆ ಸಿಗುವುದಿಲ್ಲ. ಅವಳು ಫುಜೌ ನಗರದ ಕಾರ್ಖಾನೆಯಲ್ಲಿ ದುಡಿಯುವಾಗಲೇ ಅರ್ಧ ಹೊರಗಿನವಳು. ಅಲ್ಲೇ ಬಸುರಿಯಾಗುತ್ತಾಳೆ. ಮದುವೆ ಆಗಿಲ್ಲ, ಆಗುವ ಮನಸ್ಸೂ ಇಲ್ಲ. ಗರ್ಭಪಾತ ಮಾಡಿಸಲು ಹೋದರೆ ಅಲ್ಲೂ ಕಾಗದ ಅಡ್ಡ. ಕೊನೆಗೆ ಸಾಲ ಮಾಡಿ ಅಮೆರಿಕಕ್ಕೆ ಹೊರಡುತ್ತಾಳೆ. ಅಲ್ಲಿ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ತಿಂಗಳು ಮೀರಿರುತ್ತದೆ.

ಆ ಸಾಲವನ್ನು ನಮ್ಮ ಕಡೆಯ ಮಾತಲ್ಲೇ ಹೇಳುವುದಾದರೆ ಮೀಟರ್ ಬಡ್ಡಿ. ಜನರನ್ನು ಕಳ್ಳದಾರಿಯಲ್ಲಿ ಸಾಗಿಸುವವರನ್ನು ಚೀನೀಯರು ‘ಹಾವಿನ ತಲೆ’ ಅನ್ನುತ್ತಾರೆ. 1993ರ ಜೂನ್‌ನಲ್ಲಿ ‘ಗೋಲ್ಡನ್ ವೆಂಚರ್’ ಅನ್ನುವ ಹಡಗು ನ್ಯೂಯಾರ್ಕಿನ ದಡಕ್ಕೆ ಬಂದು ಸಿಕ್ಕಿಕೊಂಡಿತು. ಒಳಗೆ 286 ಜನ, ಹೆಚ್ಚಿನವರು ಇದೇ ಫುಜಿಯಾನಿನವರು. ತಣ್ಣೀರಿಗೆ ಹಾರಿದವರಲ್ಲಿ 10 ಜನ ಸತ್ತರು. ಬದುಕಿ ದಡ ಸೇರಿದವರಿಗೂ ಸಾಲ ಕಾಯುತ್ತಿರುತ್ತದೆ. ವರ್ಷಗಟ್ಟಲೆ ದುಡಿದರೂ ತೀರುವುದಿಲ್ಲ. ಸಲೂನುಗಳ ಕಥೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2015ರಲ್ಲಿ ಬರೆದಿತ್ತು. ಹೊಸಬಳು ಕೆಲಸಕ್ಕೆ ಸೇರಲು ತಾನೇ ಮಾಲೀಕರಿಗೆ ದುಡ್ಡು ಕೊಡಬೇಕು, ಮೊದಲ ಕೆಲವು ವಾರ ಸಂಬಳವೇ ಇಲ್ಲ. ದೂರು ಕೊಡೋಣ ಅಂದರೆ ಯಾರಿಗೆ ಕೊಡುತ್ತಾಳೆ? ಹೆಸರು, ವಿಳಾಸ ಹೇಳಬೇಕಲ್ಲ.

ಈಗ ಕೂಸಿನ ಮಾತು. ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರಿಲ್ಲ, ಹೋಗದಿದ್ದರೆ ಸಾಲ ಕಟ್ಟುವವರಿಲ್ಲ. ಒಂದು ದಿನ ಮಗುವನ್ನು ಚೀಲದಲ್ಲಿ ಹಾಕಿ, ಬೀದಿಯಲ್ಲಿಟ್ಟು ನಡೆದುಬಿಡುತ್ತಾಳೆ. ಸ್ವಲ್ಪ ದೂರ ಹೋಗಿ ಓಡಿ ಬರುತ್ತಾಳೆ. ನನಗೆ ಇಡೀ ಪುಸ್ತಕದಲ್ಲಿ ಇದೇ ಜಾಗ ಮುಖ್ಯ. ನಿಜ ಹೇಳಬೇಕಂದ್ರೆ, ಮೊದಲ ಸಲ ಓದಿದಾಗ ನಾನೂ ಪುಸ್ತಕ ಮುಚ್ಚಿ ಎದ್ದು ಹೋಗಿದ್ದೆ. ಲೇಖಕಿಗೆ ಈ ಭಾಗ ಬಿಟ್ಟು ಬರೆಯುವುದು ಸುಲಭವಿತ್ತು. ಪಾಲಿಯನ್ನು ಕಣ್ಣೀರಿನ ತಾಯಿ ಮಾಡಿದ್ದರೆ ಯಾರೂ ನನ್ನ ಹತ್ತಿರ ಪ್ರಶ್ನೆ ತರುತ್ತಿರಲಿಲ್ಲ. ಪಾಲಿ ಹಾಗಿಲ್ಲ. ಜೂಜಾಡುತ್ತಾಳೆ, ಸಿಡುಕುತ್ತಾಳೆ, ಮಗನಿಲ್ಲದ ಬದುಕನ್ನು ಊಹಿಸಿಕೊಳ್ಳುತ್ತಾಳೆ. ಫ್ಲಾರಿಡಾದಲ್ಲಿ ಕೆಲಸ ಇದೆಯಂತೆ, ಹೋಗೋಣ ಅನ್ನುತ್ತಾಳೆ. ಚೀನಾಕ್ಕೆ ವಾಪಸಾದ ಮೇಲೆ ಇನ್ನೊಬ್ಬನನ್ನು ಮದುವೆಯಾಗಿ, ಮಗನಿದ್ದಾನೆ ಅನ್ನುವುದನ್ನೇ ಗಂಡನಿಗೆ ಹೇಳುವುದಿಲ್ಲ. ಇದು ತಪ್ಪಲ್ವಾ ಅಂದರೆ, ತಪ್ಪೇ ಇರಬಹುದು. ಆದರೆ ಪೇಪರ್ ಇರುವ ತಾಯಂದಿರು ಇಂಥ ತಪ್ಪು ಮಾಡಿಯೂ ಸಂಜೆ ಮಕ್ಕಳ ಜೊತೆ ಊಟಕ್ಕೆ ಕೂರುತ್ತಾರೆ.

ಮಗುವಿಗೆ ಒಂದು ವರ್ಷವಾದಾಗ ಅವನನ್ನು ಚೀನಾಕ್ಕೆ, ಅಜ್ಜನ ಹತ್ತಿರ ಕಳಿಸುತ್ತಾಳೆ. ಅಜ್ಜ ಸತ್ತ ಮೇಲೆ, ಆರು ವರ್ಷದವನಾಗಿ ವಾಪಸ್ ಬರುತ್ತಾನೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬರುವವರು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬರುತ್ತಾರೆ. ಅವರನ್ನು ಯಾರಾದರೂ ಎಂಥ ತಾಯಿ ಅನ್ನುತ್ತಾರಾ?

ಕೊನೆಯದಾಗಿ ಪುಸ್ತಕ ಓದಿದ್ದು ನಮ್ಮ ಅತ್ತಿಗೆ. ಅವರ ಮಗ ಸೊಸೆ ನ್ಯೂಜೆರ್ಸಿಯಲ್ಲಿ, ಎಚ್-1ಬಿ ವೀಸಾದಲ್ಲಿ. ಅವರದು ಎರಡು ಪ್ರಶ್ನೆ. ಮೊದಲನೆಯದು, “ನಮ್ಮ ಹುಡುಗರ ಹಾಗೆ ಲೈನಲ್ಲಿ ನಿಂತು ಹೋಗ್ಬಾರ್ದಿತ್ತಾ?” ಲೈನ್ ಎಲ್ಲಿದೆ ಅತ್ತಿಗೆ, ಅಂದೆ. ಡಿಗ್ರಿ ಇಲ್ಲದ ಕೂಲಿಯವರಿಗೆ ಅಮೆರಿಕ ಕಾನೂನಿನಲ್ಲಿ ಇಟ್ಟಿರುವ ಗ್ರೀನ್ ಕಾರ್ಡ್ ವರ್ಷಕ್ಕೆ ಹೆಚ್ಚೆಂದರೆ 10,000, ಅದೂ ಇಡೀ ಜಗತ್ತಿಗೆ. ಮಗ ಅಮೆರಿಕದಲ್ಲೇ ಹುಟ್ಟಿದ್ದಾನಲ್ಲ ಅಂದರೆ, ಅಮ್ಮನಿಗಾಗಿ ಅವನು ಅರ್ಜಿ ಹಾಕಲು 21 ವರ್ಷ ತುಂಬಬೇಕು.

ಎರಡನೆಯದು ಅದೇ ಹಳೇ ಪ್ರಶ್ನೆ. “ಎಂಥ ತಾಯಿನೋ, ಮಗು ಕಳಿಸ್ಬಿಟ್ಟು ಇದ್ಲಂತೆ.”

“ನಿಮ್ಮ ಮೊಮ್ಮಗಳು ಎಂಟು ತಿಂಗಳಿಂದ ಎರಡು ವರ್ಷದವರೆಗೆ ನಿಮ್ಮ ಹತ್ರಾನೇ ಇದ್ಲಲ್ಲ ಅತ್ತಿಗೆ?”

“ಅದು ಬೇರೆ ಕಣೇ.”

“ಹೌದು, ಬೇರೇನೇ. ಮಧ್ಯದಲ್ಲಿ ಅಣ್ಣನಿಗೆ ಹುಷಾರಿಲ್ಲ ಅಂತ ನಿಮ್ಮ ಸೊಸೆ ಟಿಕೆಟ್ ತೊಗೊಂಡು ಬಂದ್ಲು, ಹದಿನೈದು ದಿನ ಇದ್ದು ವಾಪಸ್ ಹೋದ್ಲು. ಪಾಲಿಗೆ ಅಪ್ಪ ಸತ್ತಾಗಲೂ ಹೋಗೋಕಾಗ್ಲಿಲ್ಲ. ಹೋಗಿದ್ರೆ ವಾಪಸ್ ಬರೋ ಹಾಗಿರಲಿಲ್ಲ.”

ಅತ್ತಿಗೆ ಪುಸ್ತಕವನ್ನು ಟೀಪಾಯಿ ಮೇಲಿಟ್ಟು, ಕಾಫಿ ಆರ್ತಾ ಇದೆ ಕುಡಿ ಅಂದರು.